ಹಳೇ ಕಂಪ್ಯೂಟರು, ಹೊಸ ಟಿವಿ, ನಡುವೆ ನಾನು

ಮುಂಬಯಿಯಲ್ಲಿ ಜನ ಟಿವಿ ಬದಲಾಯಿಸುತ್ತಾರೆ, ಕಂಪ್ಯೂಟರು ಬದಲಾಯಿಸುವುದಿಲ್ಲ. ಹಳೆಯದರ ವೈರು ಹೊಸದಕ್ಕೆ ಕೂರುವುದಿಲ್ಲ. ಆಗ ನನಗೆ ಫೋನ್ ಬರುತ್ತದೆ. ಎರಡನ್ನೂ ಬೆಸೆಯುವ, ಬೆಂಕಿಪೊಟ್ಟಣದಷ್ಟಿರುವ ಕನ್ವರ್ಟರನ್ನು ಜೇಬಿಗೆ ಹಾಕಿ ಲೋಕಲ್ ರೈಲು ಹತ್ತುತ್ತೇನೆ. ಜೋಡಿಸಿದ ಮೇಲೆ, ಚಿತ್ರ ಮೂಡುವ ಮುಂಚೆ, ಟಿವಿ ಎರಡು ಕ್ಷಣ ಬರೀ ನೀಲಿಯಾಗಿರುತ್ತದೆ. ಆ ಬೆಳಕಿನಲ್ಲಿ ಎಲ್ಲರ ಮುಖವೂ ಈಗಷ್ಟೇ ನಿದ್ದೆಯಿಂದ ಎದ್ದ ಮಗುವಿನ ಮುಖದಂತೆ ಕಾಣುತ್ತದೆ. ನಾನೂ ಕೆಲಸ ಮರೆತು ನೋಡುತ್ತ ನಿಲ್ಲುತ್ತೇನೆ. ಎಡವಟ್ಟುಗಳು ಆಗುವುದು ಹೆಚ್ಚಾಗಿ ಹೀಗೆಯೇ.

೧. ಒನ್‌ವೇ

ಸಾಂತಾಕ್ರೂಜ್‌ನ ಒಂದು ಹೌಸಿಂಗ್ ಸೊಸೈಟಿಯ ಆಫೀಸು. ಸೆಕ್ರೆಟರಿ ಕನ್ವರ್ಟರನ್ನು ತಾವೇ ಆನ್‌ಲೈನಿನಲ್ಲಿ ತರಿಸಿದ್ದರು.

"ಸರ್, ಇದು ಹೊಸ ಕಂಪ್ಯೂಟರಿಗೆ ಹಳೇ ಮಾನಿಟರ್ ಜೋಡಿಸುವುದು. ನಿಮಗೆ ಬೇಕಾದ್ದು ಹಳೇ ಕಂಪ್ಯೂಟರಿಗೆ ಹೊಸ ಟಿವಿ ಜೋಡಿಸುವುದು," ಎಂದೆ.

"ಹಾಗಾದ್ರೆ ತಿರುಗಿಸಿ ಹಾಕಿ."

"ಆಗೋದಿಲ್ಲ ಸರ್. ಇದು ಒಂದೇ ದಿಕ್ಕಿಗೆ ಕೆಲಸ ಮಾಡೋದು. ಒನ್‌ವೇ."

ಅವರು ನನ್ನನ್ನು ಕಿಟಕಿಯ ಬಳಿಗೆ ಕರೆದೊಯ್ದರು. ಕೆಳಗಿನ ಗಲ್ಲಿಯ ಬಾಯಲ್ಲೇ ಒನ್‌ವೇ ಬೋರ್ಡಿತ್ತು. ಆಟೋಗಳು ಎರಡೂ ಕಡೆಯಿಂದ ಬರುತ್ತಿದ್ದವು. ಒಂದು ಟೆಂಪೊ ರಿವರ್ಸಿನಲ್ಲೂ ಬರುತ್ತಿತ್ತು.

"ಅದೂ ಒನ್‌ವೇನೇ," ಎಂದರು. "ನೀವು ಹಾಕಿ. ಅಡ್ಜಸ್ಟ್ ಆಗತ್ತೆ."

೨. ಸಮುದ್ರ

ಮಾಟುಂಗದ ಒಂದು ಉಡುಪಿ ಹೋಟೆಲು. ಕೌಂಟರಿನ ಹಳೇ ಲ್ಯಾಪ್‌ಟಾಪಿನಲ್ಲಿದ್ದ ಮೆನು ಗೋಡೆಯ ದೊಡ್ಡ ಟಿವಿಯಲ್ಲಿ ಬರಬೇಕಿತ್ತು. ಜೋಡಿಸಿದೆ. ಮೆನು ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಟಿವಿಯಲ್ಲಿ ಲ್ಯಾಪ್‌ಟಾಪಿನ ಹಿನ್ನೆಲೆಯ ಚಿತ್ರವಷ್ಟೇ ಬಂತು. ಒಂದು ಸಮುದ್ರ, ತಿಳಿಹಸಿರು ನೀರು, ದೂರದಲ್ಲೊಂದು ದೋಣಿ.

ಸೆಟ್ಟಿಂಗ್ ಬದಲಿಸುವುದು ಒಂದು ನಿಮಿಷದ ಕೆಲಸ. ಆದರೆ ಆ ದೋಣಿ ಸ್ವಲ್ಪ ಮುಂದೆ ಹೋದೀತೇನೋ ಎಂದು ನೋಡುತ್ತ ಕೂತುಬಿಟ್ಟೆ. ಇಡ್ಲಿ ತಿನ್ನುತ್ತಿದ್ದವರೂ ಚಮಚ ಸಾಂಬಾರಿನಲ್ಲಿ ಬಿಟ್ಟು ಅದನ್ನೇ ನೋಡುತ್ತಿದ್ದರು. ಒಂದು ಟೇಬಲ್ಲೂ ಖಾಲಿಯಾಗಲಿಲ್ಲ. ಬಾಗಿಲಲ್ಲಿ ಕಾಯುವವರ ಸಾಲು ಬೆಳೆಯಿತು.

"ಎಂತ ಮಾರಾಯ್ರೆ, ಹೋಟೆಲು ಮಾಡಿದ್ದಾ, ಬೀಚು ಮಾಡಿದ್ದಾ?" ಎಂದು ಮಾಲೀಕರು ಬಂದು ನನ್ನ ಭುಜ ಅಲುಗಿಸಿದರು. ಗಡಿಬಿಡಿಯಲ್ಲಿ ಗುಂಡಿ ಒತ್ತಿದೆ. ಮೆನು ಬಂತು.

ಮೂಲೆಯ ಟೇಬಲ್ಲಿನ ಹಿರಿಯರೊಬ್ಬರು ಬೇಸರದಿಂದ ಕೇಳಿದರು: "ಸಮುದ್ರ ಎಲ್ಲಿ?"

"ಸಮುದ್ರ ಖಾಲಿ," ಎಂದರು ಮಾಲೀಕರು. "ವಡೆ ಉಂಟು."

೩. ಹಾಡು

ವಿಕ್ರೋಳಿಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಧಾರವಾಡದ ಕಡೆಯವರೊಬ್ಬರ ಮನೆ. ಹಿಂದೆ ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಅವರು ಹಾಡಿದ್ದರು. ವಿಡಿಯೋ ತೆಗೆದವರು ಅವರ ಪತ್ನಿ. ಅದು ಹಳೇ ಕಂಪ್ಯೂಟರಿನಲ್ಲಿತ್ತು. ಹೊಸ ಟಿವಿ ಬಂದದ್ದೇ, ಯಜಮಾನರು ನೆರೆಯವರನ್ನೆಲ್ಲ ಕರೆದು ಕೂರಿಸಿದ್ದರು. ಇಸ್ತ್ರಿ ಮಾಡಿದ ಅಂಗಿ ಬೇರೆ ತೊಟ್ಟಿದ್ದರು.

ಚಿತ್ರ ಬಂತು. ಕಪ್ಪು ಮೀಸೆಯ ತರುಣ ಕಣ್ಣು ಮುಚ್ಚಿ ಬಾಯಿ ತೆರೆದ. ದನಿಯಿಲ್ಲ. ಆ ಹಳೇ ವೈರಿನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ದನಿಗೆ ಬೇರೆ ವೈರು ಬೇಕು. ಅದನ್ನು ಹಾಕಲು ನಾನು ಮರೆತಿದ್ದೆ. ಆದರೂ ಮೌನದಲ್ಲೇ ಆ ಮುಖ ಎಷ್ಟು ಚೆಂದವಿತ್ತೆಂದರೆ ಯಾರೂ ಕೆಮ್ಮಲಿಲ್ಲ. ಯಜಮಾನರು ತಮ್ಮನ್ನೇ ಗುರುತಿಸಲಾರದವರಂತೆ ನೋಡುತ್ತಿದ್ದರು.

ಸದ್ದಾಗದಂತೆ ಹೋಗಿ ವೈರು ಸಿಕ್ಕಿಸಿದೆ. ಹಾಡು ಕೋಣೆ ತುಂಬಿತು. ಕಂಪ್ಯೂಟರಿನ ಬಡಕಲು ಸ್ಪೀಕರಿನಲ್ಲಿ ಇಷ್ಟು ವರ್ಷ ಹಾಡೊಂದೇ ಕೇಳುತ್ತಿತ್ತು. ಹೊಸ ಟಿವಿಯಲ್ಲಿ ಕ್ಯಾಮೆರಾದ ಹಿಂದಿನ ಪಿಸುಮಾತೂ ಸ್ವಚ್ಛವಾಗಿ ಕೇಳಿತು: "ಇವರದು ಯಾವಾಗ ಮುಗೀತದವ್ವಾ? ಊಟದ ಸಾಲು ಆಗಲೇ ಹತ್ತೇತಿ."

ಎಲ್ಲರೂ ಪತ್ನಿಯ ಕಡೆ ತಿರುಗಿದರು. ಯಜಮಾನರು ನಿಧಾನವಾಗಿ ಕೇಳಿದರು: "ನನ್ನ ಹಾಡು ಕೇಳಿ ಕಣ್ಣಾಗ ನೀರು ಬಂತು ಅಂತ ಅವತ್ತು ಹೇಳಿದ್ಯಲ್ಲ?"

ಆಕೆ ಸೆರಗು ಸರಿಮಾಡಿಕೊಂಡರು.

"ನೀರು ಬಂದಿದ್ದು ಖರೇನ ರೀ. ಹೊಟ್ಟಿ ಹಸದು."