ವರ್ಷದ ಕಾರು ನಮ್ಮ ಗಲ್ಲಿಗೆ ಬಂದದ್ದು

ಟೀವಿಯಲ್ಲಿ ಹೊಸ ಹೊಸ ಕಾರುಗಳನ್ನು ಓಡಿಸಿ ಹೊಗಳುವ ಕಾರ್ಯಕ್ರಮವೊಂದಕ್ಕೆ ಕನ್ನಡದ ಮಾತು ಬರೆದುಕೊಡುವುದು ನನ್ನ ಈಗಿನ ಕೆಲಸ. ಈ ಕೆಲಸ ಹಿಡಿದ ಮೇಲೆ ನಗುವುದಕ್ಕೆಂದು ನಾನು ಬೇರೆಲ್ಲೂ ಹೋಗಬೇಕಾಗಿ ಬಂದಿಲ್ಲ. ನಗು ತಾನೇ ಹಾರ್ನ್ ಹಾಕಿಕೊಂಡು ಮನೆ ಬಾಗಿಲಿಗೆ ಬರುತ್ತದೆ.

ಇದಕ್ಕೆ ಮುಂಚೆ ಮಸ್ಕತ್‌ನಲ್ಲಿ ಶಾಲೆ, ನೈರೋಬಿಯಲ್ಲಿ ಗ್ರಂಥಾಲಯ, ಪುಣೆಯಲ್ಲಿ ಅನುವಾದ ಅಂತ ಯಾವ ಊರಲ್ಲೂ ನಾಲ್ಕು ವರ್ಷಕ್ಕಿಂತ ಹೆಚ್ಚು ಕೂತವಳಲ್ಲ ನಾನು. ಹೈದರಾಬಾದಿನಲ್ಲಿ ಮಾತ್ರ ಆರನೇ ವರ್ಷ ನಡೆದಿದೆ. ಊರಿನ ಮೇಲೆ ಪ್ರೀತಿ ಹುಟ್ಟಿದೆ ಎಂದು ನಾನು ಹೇಳುತ್ತೇನೆ. ಟ್ರಾಫಿಕ್ಕು ಹೊರಗೆ ಬಿಡುತ್ತಿಲ್ಲ ಎಂದು ನನ್ನ ತಂಗಿ ಹೇಳುತ್ತಾಳೆ.

೧. ಪೆಟ್ರೋಲಿನ ಮುಚ್ಚಳ

ನಮ್ಮ ಆಫೀಸು ಹಿಮಾಯತ್‌ನಗರದಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಕಾರ್ಯಕ್ರಮದ ನಿರೂಪಕ ಬೆಂಗಳೂರಿನವನು. ಕಪ್ಪು ಕನ್ನಡಕ, ಗಾಳಿಗೆ ಅಲ್ಲಾಡದ ಕೂದಲು, ಒಳ್ಳೆಯ ಕಂಠ. ನಾನು ಬರೆದದ್ದನ್ನು ಅವನು ಸ್ಟೀರಿಂಗ್ ಹಿಡಿದುಕೊಂಡು ಹೇಳುತ್ತಾನೆ: "ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಬರೀ ಒಂಬತ್ತು ಸೆಕೆಂಡು!"

ನಮ್ಮ ಆಫೀಸಿನ ಗೇಟಿನಿಂದ ಮೊದಲ ಸಿಗ್ನಲ್ಲಿಗೆ ಸಂಜೆ ಹೊತ್ತು ಹತ್ತೊಂಬತ್ತು ನಿಮಿಷ ಬೇಕು. ನಡೆದರೆ ನಾಲ್ಕು. ಇದನ್ನೂ ಒಂದು ವಾಕ್ಯದಲ್ಲಿ ಸೇರಿಸೋಣವೇ ಎಂದು ಅವನನ್ನು ಕೇಳಿದೆ.

"ಬೇಡ ಮೇಡಂ. ಜನ ನಮ್ಮ ಕಾರ್ಯಕ್ರಮ ನೋಡೋದು ಕನಸು ಕಾಣೋದಕ್ಕೆ."

ಒಂದು ದಿನ ಶೂಟಿಂಗ್ ಮುಗಿಸಿ ಬರುವಾಗ ಪರೀಕ್ಷೆಗೆಂದು ಕಂಪನಿ ಕೊಟ್ಟ ಕಾರಿನಲ್ಲೇ ನನ್ನನ್ನೂ ಕೂರಿಸಿಕೊಂಡ. ದಾರಿಯಲ್ಲಿ ಪೆಟ್ರೋಲ್ ಮುಗಿಯುತ್ತಾ ಬಂತು. ಬಂಕಿಗೆ ಹೋಗಿ ಠೀವಿಯಿಂದ ನಿಲ್ಲಿಸಿದ. ಪೆಟ್ರೋಲ್ ಹಾಕುವ ಹೆಂಗಸು ಕಾರನ್ನು ಒಂದು ಸುತ್ತು ಹಾಕಿ ಬಂದು, ಮುಚ್ಚಳ ಆ ಕಡೆ ಇದೆ, ತಿರುಗಿಸಿ ತನ್ನಿ ಎಂದಳು. ಇವನು ತಿರುಗಿಸಿದ. ತಿರುಗಿಸುವ ಭರದಲ್ಲಿ ಪಂಪಿನ ಇನ್ನೊಂದು ಬದಿಗೆ ಹೋಗಿ ನಿಂತ. ಮುಚ್ಚಳ ಮತ್ತೆ ಆ ಕಡೆ. ಮೂರನೇ ಸಲ ಹಿಂದಿನ ಆಟೋದವರೆಲ್ಲ ಇಳಿದು ನಿಂತು ನೋಡತೊಡಗಿದರು.

ಕೊನೆಗೆ ಆ ಹೆಂಗಸು ಕಿಟಕಿಯೊಳಗೆ ಕೈ ಹಾಕಿ, ಪೆಟ್ರೋಲ್ ಮುಳ್ಳಿನ ಪಕ್ಕದ ಪುಟ್ಟ ಬಾಣದ ಗುರುತನ್ನು ತೋರಿಸಿದಳು. "ಇದು ಯಾವ ಕಡೆ ನೋಡ್ತದೋ ಮುಚ್ಚಳ ಆ ಕಡೆ ಸಾರ್. ಕಾರು ಹೊಸದಾ, ನೀವು ಹೊಸಬರಾ?"

ಇನ್ನೂರು ಕಾರು ಓಡಿಸಿ ನಂಬರು ಕೊಟ್ಟವನು ಮೆತ್ತಗೆ ನನ್ನ ಕಡೆ ತಿರುಗಿ ಹೇಳಿದ: "ನಮಗೆ ಯಾವಾಗಲೂ ಟ್ಯಾಂಕ್ ತುಂಬಿಸಿಯೇ ಕೊಡ್ತಾರೆ ಮೇಡಂ."

೨. ಕೆಂಪು ಪೆನ್ಸಿಲು

ನಾನಿರುವುದು ನಾರಾಯಣಗೂಡದ ಒಂದು ಗಲ್ಲಿಯಲ್ಲಿ. ಎದುರು ಮನೆಯ ದಂಪತಿ ರಾಯಚೂರು ಕಡೆಯವರು. ಹೆಂಡತಿ ನಿವೃತ್ತ ಶಿಕ್ಷಕಿ, ಗಲ್ಲಿಗೆಲ್ಲ ಟೀಚರಮ್ಮ. ಗಂಡ ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತರಾದವರು, ಗಲ್ಲಿಗೆಲ್ಲ ಸಾಹೇಬರು.

ಸಾಹೇಬರ ಕಣ್ಣಿಗೆ ಆಪರೇಷನ್ ಆಗಿ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹಳೇ ಕಾರು ಮಾರಿಹೋಯಿತು. ಟೀಚರಮ್ಮ ಸುಮ್ಮನೆ ಕೂರಲಿಲ್ಲ. ಅರವತ್ತನೇ ವಯಸ್ಸಿಗೆ ಡ್ರೈವಿಂಗ್ ಸ್ಕೂಲು ಸೇರಿ, ಎಂಟು ತಿಂಗಳು ದಿನಾ ಬೆಳಿಗ್ಗೆ ಇದೇ ಗಲ್ಲಿಯಲ್ಲಿ ಹಿಂದಕ್ಕೆ ಮುಂದಕ್ಕೆ ಓಡಿಸಿ ಲೈಸೆನ್ಸ್ ತಂದರು. ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ, ಆಮೇಲೆ ಅದೇ ಕುಂಕುಮ ಒರೆಸಿ ಪರ್ಸಿನಲ್ಲಿಟ್ಟುಕೊಂಡರು.

ಈಗ ಹೊಸ ಕಾರು ಬರಬೇಕು. ತಾವೇ ಓಡಿಸುವಂಥ ಸಣ್ಣದು ಸಾಕು ಎಂದು ಟೀಚರಮ್ಮ. ಪತ್ರಿಕೆಯೊಂದು 'ವರ್ಷದ ಕಾರು' ಎಂದು ಮುಖಪುಟಕ್ಕೆ ಹಾಕಿದ ದೊಡ್ಡ ಗಾಡಿಯೇ ಬೇಕು ಎಂದು ಸಾಹೇಬರು. "ಅದು ನಿನ್ನ ಕೈಲೆ ಆಗೂದಿಲ್ಲ, ಡ್ರೈವರ್ ಇಟ್ಕೊಳ್ಳೂಣು" ಎಂಬುದು ಅವರ ತೀರ್ಪು. ಅಂದರೆ ದೊಡ್ಡ ಕಾರು ಬಂತೋ, ಟೀಚರಮ್ಮನ ಲೈಸೆನ್ಸು ಪರ್ಸಿನಲ್ಲೇ ಮುದಿಯಾಗಬೇಕು.

ಸಾಹೇಬರು ಆ ಪತ್ರಿಕೆಯನ್ನು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಓದುತ್ತಿದ್ದರು. ಒಂದು ಭಾನುವಾರ ನನ್ನನ್ನು ಚಹಾಕ್ಕೆ ಕರೆದು ಗಟ್ಟಿಯಾಗಿ ಓದಿ ಹೇಳಿದರು: "ಡಿಕ್ಕಿ ನಾಕುನೂರಾ ಮೂವತ್ತು ಲೀಟರ್ ಐತಂತ, ಮೇಡಂ ಅವ್ರ."

ಟೀಚರಮ್ಮ ಒಳಗಿನಿಂದ ಕೇಳಿದರು: "ಡಿಕ್ಕಿಯೊಳಗ ಹಾಲು ತುಂಬ್ತಾರೇನ್ರಿ? ಸುಲ್ತಾನ್ ಬಜಾರಿನಾಗ ತಗೊಂಡ ಎರಡು ಹಾಸಿಗಿ, ಒಂದು ಅಕ್ಕಿ ಚೀಲ ಹಿಡಿತಾವೋ ಇಲ್ಲೋ ಅದರಾಗ ಬರದಾರೇನು ನೋಡ್ರಿ."

"ಅಂಥಾದ್ದೆಲ್ಲಾ ಬರಿಯೂದಿಲ್ಲ."

"ಮೊಣಕಾಲು ನೋವಿದ್ದಾಕಿ ಸೀರಿ ಉಟ್ಕೊಂಡು ಹತ್ತಬೌದೋ ಇಲ್ಲೋ?"

"ಅದನ್ನೂ ಬರದಿಲ್ಲ. ಆದ್ರ ಕೇಳು, ಇದನ್ನ ಬರದಾರ: ರಸ್ತೆ ಮ್ಯಾಲೆ ನಿಂತ್ರ ಗಾಡಿಗೆ ಒಂದು ಗತ್ತು ಐತಂತ. ಎದುರಿಗೆ ಬಂದವ್ರು ದಾರಿ ಬಿಡ್ತಾರಂತ."

ಟೀಚರಮ್ಮ ಚಹಾದ ಕಪ್ಪು ತಂದಿಡುತ್ತಾ ಹೇಳಿದರು: "ಅಷ್ಟು ಗತ್ತು ನಮ್ಮ ಗಲ್ಲಿಯಾಗ ಎಮ್ಮಿಗೂ ಐತಿ."

೩. ಸಾರಿನ ಡಬ್ಬಿ

ಅಂತೂ ಆ ದೊಡ್ಡ ಗಾಡಿಯನ್ನು ಒಂದು ಸಲ ಓಡಿಸಿ ನೋಡೋಣ ಎಂದು ಮೂವರೂ ಶೋರೂಮಿಗೆ ಹೋದೆವು. ಟೀಚರಮ್ಮನ ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಅಂಚಿನವರೆಗೆ ಬಿಸಿ ಬಿಸಿ ಬೇಳೆ ಸಾರು.

"ಇದ್ಯಾಕ್ರಿ ಅಕ್ಕಾವ್ರ?" ಎಂದೆ.

"ನನ್ನ ತಂಗಿ ಮನಿಗೆ ವಾರಕ್ಕ ಎರಡು ಸಲ ಅಡಿಗಿ ಒಯ್ಯೂದಿರ್ತೈತಿ. ಗಾಡಿಗೆ ಗೊತ್ತಾಗ್ಲಿ."

ಶೋರೂಮಿನ ಮಾರಾಟದವನು ಬಿಳಿ ಪ್ಯಾಂಟು ಹಾಕಿದ್ದ. ಇಂಥ ಮೆತ್ತನೆಯ ಸಸ್ಪೆನ್ಷನ್ ಈ ಬೆಲೆಯಲ್ಲಿ ಇನ್ನೊಂದಿಲ್ಲ, ಎಲ್ಲ ಪತ್ರಿಕೆಯವರೂ ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದಾರೆ ಎಂದ. ಹಾಗಾದರೆ ಇದನ್ನು ಹಿಡಿಯಿರಿ ಎಂದು ಟೀಚರಮ್ಮ ಡಬ್ಬಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂತ ಅವನ ತೊಡೆಯ ಮೇಲಿಟ್ಟರು. ಓಡಿಸಿದವನು ಶೋರೂಮಿನ ಡ್ರೈವರೇ.

ದೊಡ್ಡ ರಸ್ತೆಯಲ್ಲಿ ಸಾರು ಮಿಸುಕಲಿಲ್ಲ. ಮಾರಾಟದವನು ನಗುನಗುತ್ತಾ ಹಿಂದೆ ತಿರುಗಿ ನೋಡಿದ. "ಇನ್ನ ಎಡಕ್ಕ ಒಳಗ ತಗೋರಿ" ಎಂದರು ಟೀಚರಮ್ಮ. ಆ ಒಳರಸ್ತೆಯಲ್ಲಿ ಒಂದೊಂದು ಮನೆಯವರೂ ತಮ್ಮ ತಮ್ಮ ಬಾಗಿಲ ಮುಂದೆ ಸ್ವಂತಕ್ಕೊಂದು ಹಂಪ್ ಹಾಕಿಸಿಕೊಂಡಿದ್ದರು. ಮೊದಲನೆಯದಕ್ಕೆ ಮಾರಾಟದವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದ. ಮೂರನೆಯದಕ್ಕೆ ಬಿಳಿ ಪ್ಯಾಂಟು ಅರಿಸಿನ ಬಣ್ಣಕ್ಕೆ ತಿರುಗಿತು.

ಪಾಪ, ಉರಿಯನ್ನು ನುಂಗಿಕೊಂಡು ಆತ ಹೇಳಿದ: "ಮೇಡಂ, ಇದು ಸಸ್ಪೆನ್ಷನ್ ತಪ್ಪಲ್ಲ. ನಿಮ್ಮ ಮುಚ್ಚಳ ಸಡಿಲ ಇದೆ."

"ಈ ಮುಚ್ಚಳ ಹನ್ನೆರಡು ವರ್ಷ ಸಿಟಿ ಬಸ್ಸಿನಾಗ ಓಡಾಡೈತಪಾ," ಎಂದರು ಟೀಚರಮ್ಮ. "ಒಂದು ಹನಿ ಚೆಲ್ಲಿಲ್ಲ."

೪. ಅರ್ಧ ಡ್ರೈವರು

ಸಾಹೇಬರು ಒಪ್ಪಲಿಲ್ಲ. ತಪ್ಪು ಗಾಡಿಯದಲ್ಲ, ಓಡಿಸಿದವನದು ಎಂದರು. ಅವತ್ತು ಸಂಜೆ ಬೇಸರದಲ್ಲಿ ಕೂತಿದ್ದ ಟೀಚರಮ್ಮನಿಗೆ ನಾನು ಹಿಂದೊಮ್ಮೆ ಸುತ್ತಾಡಲು ಹೋಗಿದ್ದ ತಿಬಿಲಿಸಿ ಎಂಬ ದೂರದೇಶದ ಊರಿನ ಕಥೆ ಹೇಳಿದೆ.

ಆ ಊರಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವೆ. ಆದರೆ ನಾನು ಹತ್ತಿದ ಟ್ಯಾಕ್ಸಿ ಜಪಾನಿನಿಂದ ಬಂದ ಹಳೆಯ ಕಾರು, ಸ್ಟೀರಿಂಗೂ ಬಲಕ್ಕೇ. ಮುಂದೊಂದು ಲಾರಿ ಇದ್ದರೆ ಡ್ರೈವರಿಗೆ ಎದುರಿನಿಂದ ಬರುವುದು ಏನೂ ಕಾಣದು. ಕಾಣುವುದು ಎಡಗಡೆ ಕೂತ ನನಗೆ. ಬೆಟ್ಟದ ರಸ್ತೆಯಲ್ಲಿ ಅವನು ಪ್ರತಿ ಲಾರಿಯ ಹಿಂದೆಯೂ ನನ್ನ ಮುಖ ನೋಡಿ ಹುಬ್ಬು ಹಾರಿಸುತ್ತಿದ್ದ. ನಾನು ಕತ್ತು ಚಾಚಿ, ಹೋಗು ಎಂದರೆ ಹೋಗುತ್ತಿದ್ದ, ಬೇಡ ಎಂದರೆ ನಿಲ್ಲುತ್ತಿದ್ದ. ಅವನಿಗೆ ಕನ್ನಡ ಬಾರದು, ನನಗೆ ಅವನ ಭಾಷೆ ಬಾರದು, ಆದರೂ ಒಬ್ಬರ ಮೇಲೊಬ್ಬರಿಗೆ ಗಂಡ ಹೆಂಡತಿಯ ನಡುವೆಯೂ ಇಲ್ಲದಷ್ಟು ನಂಬಿಕೆ. ಇಳಿಯುವಾಗ ಬಾಡಿಗೆಯಲ್ಲಿ ನನ್ನ ಪಾಲು ಕೇಳೋಣ ಎನಿಸಿತು. ಅರ್ಧ ಗಾಡಿ ನಾನೇ ಓಡಿಸಿದ್ದೆನಲ್ಲ!

ಎಡಗಡೆ ಸೀಟಿನಲ್ಲಿ ಕೂತು ಬರೆದ ಕಾರಿನ ವಿಮರ್ಶೆಯನ್ನು ನಾನು ಯಾವ ದೇಶದಲ್ಲೂ ಓದಿಲ್ಲ ಎಂದೆ.

ಟೀಚರಮ್ಮನ ಬೇಸರ ಹಾರಿಹೋಯಿತು. "ಅದ್ರಾಗ ಏನೈತ್ರಿ ದೊಡ್ಡದು? ನಾನು ಮೂವತ್ತೈದು ವರ್ಷ ಅದನ್ನ ಮಾಡೀನಿ. ಎಡಕ್ಕ ಸೈಕಲ್ ಐತಿ, ಮುಂದ ಕುಣಿ ಐತಿ, ಹಿಂದ ಬಸ್ ಬಂತು, ಸಾವಕಾಶ ಹೋಗ್ರಿ. ಬ್ರೇಕ್ ಒಂದು ಇವರ ಕಾಲಾಗ ಇತ್ತು, ಉಳದ ಗಾಡಿ ಎಲ್ಲಾ ನನ್ನ ಬಾಯಾಗ ಇತ್ತು."

೫. ನಾಲ್ಕು ಬೆರಳು

ಮುಂದಿನ ವಾರ ನಮ್ಮ ಕಾರ್ಯಕ್ರಮಕ್ಕೂ ಅದೇ 'ವರ್ಷದ ಕಾರು' ಬಂತು. ಊರ ಹೊರಗಿನ ನುಣ್ಣನೆಯ ರಸ್ತೆ ಅವತ್ತು ಶೂಟಿಂಗಿಗೆ ಸಿಗಲಿಲ್ಲ. ನನಗೆ ಇದೇ ಬೇಕಿತ್ತು. ಒಮ್ಮೆಯಾದರೂ ಜನ ಇರುವ ಕಡೆ ಓಡಿಸಿ ತೋರಿಸೋಣ, ನಮ್ಮ ಗಲ್ಲಿಗೆ ಬನ್ನಿ ಎಂದೆ. ನಿರೂಪಕ, "ಗಲ್ಲಿ ತಾನೇ ಮೇಡಂ?" ಎಂದು ನಕ್ಕ.

ಸುದ್ದಿ ಕೇಳಿ ಸಾಹೇಬರು ಎದೆಯುಬ್ಬಿಸಿದರು. "ಬರ್ಲಿ. ಆತ ಇಲ್ಲಿ ಓಡಿಸಿ ತೋರ್ಸಿದ್ರ ಮುಗೀತು, ಸೋಮವಾರ ಬುಕ್ ಮಾಡ್ತೀನಿ. ಡ್ರೈವರನ್ನೂ ನೋಡೀನಿ." ಟೀಚರಮ್ಮ ಪರ್ಸನ್ನು ಒಮ್ಮೆ ತೆಗೆದು ನೋಡಿ ಮುಚ್ಚಿದರು.

ಮಧ್ಯಾಹ್ನ ಮೂರಕ್ಕೆ ಗಾಡಿ ಬಂತು. ಸಾಹೇಬರ ಮನೆಯ ಮುಂದೆ, ಅವರ ಹಳೇ ಕಾರು ನಿಲ್ಲುತ್ತಿದ್ದ ಜಾಗದಲ್ಲೇ, ಬಲಕ್ಕೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಬೇಲಿ. ಎಡಕ್ಕೆ ಇಸ್ತ್ರಿ ಬಂಡಿ, ಚಕ್ರ ಕಳಚಿ ಇಟ್ಟಿಗೆಯ ಮೇಲೆ ನಿಂತು ಹತ್ತು ವರ್ಷವಾಗಿದೆ. ಈ ಎರಡರ ನಡುವೆ ಗಾಡಿ ಬಂದು ನಿಂತಿತು, ಏಕೆಂದರೆ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು. ಅದರ ಡ್ರೈವರು ಊಟಕ್ಕೆ ಹೋಗಿದ್ದ. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ.

ನಿರೂಪಕ ಹಿಂದಕ್ಕೆ ತೆಗೆಯಲು ನೋಡಿದ. ಗಾಡಿಯ ಸುತ್ತ ಇರುವ ಸೂಕ್ಷ್ಮ ಯಂತ್ರಗಳು ಏನಾದರೂ ಹತ್ತಿರ ಬಂದರೆ ಕೂಗುತ್ತವೆ ಎಂದು ನಾನೇ ಹೊಗಳಿ ಬರೆದಿದ್ದೆ. ನಮ್ಮ ಗಲ್ಲಿಯಲ್ಲಿ ಹತ್ತಿರವಿಲ್ಲದ್ದು ಯಾವುದಿದೆ? ನಾಲ್ಕೂ ದಿಕ್ಕಿನಿಂದ ಕುಂಯ್ ಕುಂಯ್ ಶುರುವಾಯಿತು. ಅವನು ಬ್ರೇಕ್ ಒತ್ತಿದ. ಮತ್ತೆ ತೆಗೆದ, ಮತ್ತೆ ಕುಂಯ್, ಮತ್ತೆ ಬ್ರೇಕ್. ಇಳಿಯೋಣವೆಂದರೆ ಬಾಗಿಲು ಯಾವ ಕಡೆಯೂ ತೆರೆಯದು. ಸಂಜೆಯೊಳಗೆ ಒಂದು ಗೀರೂ ಇಲ್ಲದೆ ಗಾಡಿ ವಾಪಸ್ ಕೊಡಬೇಕು. ಅರ್ಧ ಗಂಟೆಯಾದ ಮೇಲೆ ಕಿಟಕಿಯಿಂದ ಸಣ್ಣ ದನಿ ಬಂತು: "ಮೇಡಂ, ಕ್ರೇನ್ ಕರೆಸ್ತೀರಾ?"

ಗಲ್ಲಿಯ ಅಷ್ಟೂ ಜನ ಸೇರಿದ್ದರು. ಸಾಹೇಬರು ಬಾಲ್ಕನಿಯಿಂದ ಪತ್ರಿಕೆ ಹಿಡಿದು, ಗಾಡಿ ತಿರುಗಲು ಎಷ್ಟು ಮೀಟರ್ ಬೇಕೆಂದು ಓದಿ ಹೇಳುತ್ತಿದ್ದರು. ಇಸ್ತ್ರಿಯವನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ತನ್ನ ತೀರ್ಪು ಕೊಟ್ಟ: "ಗಾಡಿ ಅಚ್ಛೀ ಹೈ ಸಾಬ್. ಲೇಕಿನ್ ಮೇರೇ ಘರ್ ಕೇ ಸಾಮ್ನೆ ನಕ್ಕೋ." ಗಾಡಿ ಒಳ್ಳೆಯದೇ, ತನ್ನ ಮನೆಯ ಮುಂದೆ ಮಾತ್ರ ಬೇಡವಂತೆ.

ಆಗ ಟೀಚರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದರು. "ತಮ್ಮಾ, ಡಿಕ್ಕಿ ತೆಗಿ" ಎಂದರು. ತೆಗೆಯುವ ಗುಂಡಿ ಅವನಿಗೆ ಸಿಗಲಿಲ್ಲ. ಕೆಳಗೆ ಕಾಲಾಡಿಸಿದರೆ ತಾನೇ ತೆರೆಯುತ್ತದೆ ಎಂದು ಸಾಹೇಬರು ಮೇಲಿನಿಂದ ಓದಿದರು. ಟೀಚರಮ್ಮ ಕಾಲಾಡಿಸಿದರು, ತೆರೆಯಿತು. ಹೊಸ ಗಾಡಿ ಎಂದು ಚಪ್ಪಲಿ ಕಳಚಿ ಹೊರಗಿಟ್ಟು, ಕೈ ಮುಗಿದು, ಡಿಕ್ಕಿಯೊಳಗೆ ಹತ್ತಿದರು. ನೋವಿನ ಮೊಣಕಾಲು ಹಿಡಿದುಕೊಂಡೇ ಹಿಂದಿನ ಸೀಟಿನ ಬೆನ್ನು ದಾಟಿದರು, ಮುಂದಿನ ಸೀಟುಗಳ ನಡುವೆ ತೂರಿದರು. "ಆ ಕಡೆ ಸರಿಯಪಾ. ಮೊದಲು ಈ ಕುಂಯ್‌ಗುಡೂದು ಬಂದ್ ಮಾಡು."

ಗಾಡಿ ಸುಮ್ಮನಾಯಿತು. ಟೀಚರಮ್ಮ ಕಿಟಕಿಯ ಗಾಜು ಇಳಿಸಿ ಕೂಗಿ ಕೇಳಿದರು: "ಎಡಕ್ಕ ಎಷ್ಟೈತಿ?"

ಇಸ್ತ್ರಿಯವನ ಹೆಂಡತಿ ಗಾಡಿಗೂ ಬಂಡಿಗೂ ನಡುವೆ ಕೈ ತೂರಿಸಿ ಅಳೆದಳು. "ಚಾರ್ ಉಂಗ್ಲಿ!"

"ಬಲಕ್ಕ?"

ನಾನು ಬೇಲಿಯ ಕಡೆ ಕೈಯಿಟ್ಟೆ. "ಎರಡೇ ಬೆರಳು, ಅಕ್ಕಾವ್ರ!"

"ಎರಡು ಬೆರಳು ಭಾಳ ಆತು" ಎಂದು ಟೀಚರಮ್ಮ ಕ್ಲಚ್ ಬಿಟ್ಟರು. ರಾ ರಾ ಎಂದು ತೆಲುಗಿನವರು, ಆನೇ ದೋ ಎಂದು ಹಿಂದಿಯವರು, ಬರಲಿ ಬರಲಿ ಎಂದು ನಾನು. ನಾಲ್ಕು ನಿಮಿಷದಲ್ಲಿ ಗಾಡಿ ಗಲ್ಲಿಯ ಅಗಲವಾದ ಬಾಯಲ್ಲಿತ್ತು. ಒಂದು ಗೀರಿಲ್ಲ. ನಿರೂಪಕ ಎಡಗಡೆ ಸೀಟಿನಲ್ಲಿ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಗಲ್ಲಿಯೆಲ್ಲ ಚಪ್ಪಾಳೆ. ಸಾಹೇಬರು ಓಡಿ ಬಂದರು, ಕಣ್ಣು ಹೊಳೆಯುತ್ತಿತ್ತು. "ನೋಡಿದ್ರೇನ್ರಿ ನನ್ನ ಹೆಂಡತಿನ್ನ! ಇನ್ನ ಡ್ರೈವರ್ ಯಾಕ ಬೇಕು? ಇಕೀನ ಹೊಡಿತಾಳ. ಇದನ್ನ ಬುಕ್ ಮಾಡೂಣು!"

ಗೆದ್ದು ಸೋಲುವುದೆಂದರೆ ಇದೇ. ಟೀಚರಮ್ಮ ಮಾತ್ರ ಇಳಿದು, ಇಸ್ತ್ರಿಯವನ ಹೆಂಡತಿ ಎತ್ತಿ ತಂದ ಚಪ್ಪಲಿಯನ್ನು ನಿಧಾನಕ್ಕೆ ಮೆಟ್ಟಿಕೊಂಡರು.

"ಮಾಡ್ರಿ. ನಾನು ಹೊಡಿತೀನಿ. ಖರೆ ನಮ್ಮ ಮನಿ ಮುಂದ ನಿಂತ್ರ ಇದರ ಬಾಗಿಲು ತೆರಿಯೂದಿಲ್ಲ. ದಿನಾ ನೀವೂ ಡಿಕ್ಕಿಯಿಂದನ ಹತ್ತಬೇಕಾಗ್ತೈತಿ."

ಸಾಹೇಬರು ಡಿಕ್ಕಿಯನ್ನು ನೋಡಿದರು. ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಅಷ್ಟರಲ್ಲಿ ಇಸ್ತ್ರಿಯವನು ಮುಂದೆ ಬಂದು, ಡಿಕ್ಕಿಯ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿ, ಒಮ್ಮೆ ಹತ್ತಿ ನೋಡಿ ಎಂದು ಅದಬಿನಿಂದ ಕರೆದ: "ಆವೋ ಸಾಬ್, ಏಕ್ ಬಾರ್ ಚಢ್ ಕೇ ದೇಖೋ."

ಗಲ್ಲಿಯೆಲ್ಲ ಡಿಕ್ಕಿಯ ಸುತ್ತ ಒತ್ತಿಕೊಂಡು ಬಂತು. ಸಾಹೇಬರು ನನ್ನ ಕಡೆ ವಾಲಿ, ಯಾರಿಗೂ ಕೇಳದಂತೆ ಕೇಳಿದರು:

"ಮೇಡಂ ಅವ್ರ, ಆ ಸಣ್ಣದರಾಗ ನೀಲಿ ಬಣ್ಣ ಸಿಗ್ತೈತೇನ್ರಿ?"