ಪ್ರಭಾರ ದುಂಬಿ

ಮರಳೂರಿನ ಗಂಗಾಂಬಿಕೆಯವರ ಹಿತ್ತಲಿನ ಹನ್ನೊಂದು ದುಂಬಿಗಳು ಕಚೇರಿ ವೇಳೆಯಲ್ಲಿ ಪೂರ್ವಾನುಮತಿಯಿಲ್ಲದೆ ಹೊರಗೆ ಹೋಗಿದ್ದವೆಂಬುದು ದಾಖಲೆಯಲ್ಲಿರುವ ಸಂಗತಿ.

ಗಂಗಾಂಬಿಕೆಯವರ ಸಿಹಿಕುಂಬಳದ ಬಳ್ಳಿ ಕಾಂಪೌಂಡೆಲ್ಲ ಹಬ್ಬಿ ಹೂ ಬಿಟ್ಟರೂ ದುಂಬಿ ಸುಳಿಯದೆ ಹೀಚುಗಳು ಹಳದಿಯಾಗಿ ಉದುರುತ್ತಿದ್ದವು. ಹಾಗಲವಾಡಿಯ ನಾದಿನಿಗೆ ಈ ಸಲ ನಮ್ಮನೆ ಕಾಯಿ ಕಳಿಸ್ತೀನಿ ಎಂದು ಫೋನಿನಲ್ಲಿ ಹೇಳಿಯೂ ಆಗಿತ್ತು. ಇನ್ನು ಮರ್ಯಾದೆಯ ಪ್ರಶ್ನೆ. ಅವರು ಕೀಟ ವಸತಿ ಕಚೇರಿಗೆ ಅರ್ಜಿ ಹಾಕಿ, ಬಿದಿರಿನ ಕೊಳವೆಗಳನ್ನು ಜೋಡಿಸಿದ ಒಂದು ಪೆಟ್ಟಿಗೆ ತಂದು ಹಿತ್ತಲ ಗೋಡೆಗೆ ತೂಗುಹಾಕಿದರು. ತಿಂಗಳೊಳಗೆ ದುಂಬಿಗಳು ಬಂದು ನೆಲೆಸಿದವು, ಮೂರು ಹೀಚು ನಿಂತವು. ಆಮೇಲೆ ಪರಿಶೀಲನೆಗೆ ಕಚೇರಿಯಿಂದ ಅಂಜನಮೂರ್ತಿ ಬಂದರು.

"ಫಲಾನುಭವಿಗಳು ಎಲ್ಲಿ?"

"ಹೂವಿನ ಮೇಲೆ ಹೋಗ್ಯವೆ ಸಾರ್. ಸಂಜೆಗೆ ಬರ್ತವೆ."

"ಮನೆ ಮುಂದೆ ನಿಂತಿರೋ ಫೋಟೋ ಬೇಕಲ್ಲಮ್ಮ. ಐದೂವರೆ ಮೇಲೆ ಆ್ಯಪ್ ಓಪನ್ ಆಗಲ್ಲ."

ವಾಸವಿಲ್ಲದ ಮನೆಗೆ ನೋಟಿಸ್ ಅಂಟಿಸಬೇಕೆಂಬುದು ನಿಯಮ. ಅಂಜನಮೂರ್ತಿ ನಿಯಮ ಮೀರುವ ಜನವಲ್ಲ. ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು ಎಂಬ ದೊಡ್ಡ ಹಾಳೆಯನ್ನು ಮೈದಾ ಗೋಂದು ಬಳಿದು ಪೆಟ್ಟಿಗೆಯ ಮುಂಭಾಗಕ್ಕೆ, ಅಂದರೆ ಎಲ್ಲ ಕೊಳವೆಗಳ ಬಾಯಿಗೂ ಸೇರಿಸಿ, ಅಂಟಿಸಿದರು. ನೋಟಿಸ್ ಕೀಳುವುದು ಶಿಕ್ಷಾರ್ಹವೆಂದು ಅದರಲ್ಲೇ ಬರೆದಿತ್ತು. ಸಂಜೆ ಬಂದ ದುಂಬಿಗಳು ಹಾಳೆಯ ಮೇಲೆ ಅತ್ತಿತ್ತ ಓಡಾಡಿ, ಸಮಜಾಯಿಷಿ ಕೊಡದೆ ಹೊರಟುಹೋದವು.

ಮರುದಿನ ಅವರು ಕಚೇರಿಗೆ ಹೋಗಿ ಅಂಜನಮೂರ್ತಿಯವರ ಮುಂದೆ ನಿಂತರು. "ದುಂಬಿ ಹೋದ್ವು. ಇನ್ನು ನಮ್ಮ ಕುಂಬಳದ ಗತಿ ಏನು?"

ಅಂಜನಮೂರ್ತಿಯವರಿಗೂ ಬೇಸರವಾಯಿತು. ಗುರಿ ಸಾಧನೆ ಶೇಕಡಾ ನೂರು ಎಂಬ ವರದಿ ಆಗಲೇ ಮೇಲಕ್ಕೆ ಹೋಗಿತ್ತು. ಅರ್ಧ ಗಂಟೆಯಲ್ಲಿ ಆದೇಶ ಹೊರಬಿತ್ತು: 'ಸದರಿ ದುಂಬಿಗಳು ಕರ್ತವ್ಯಕ್ಕೆ ಮರಳುವವರೆಗೆ ಶ್ರೀಮತಿ ಗಂಗಾಂಬಿಕೆಯವರು ತಮ್ಮ ಮನೆಗೆಲಸದ ಜೊತೆಗೆ ದುಂಬಿಯ ಪ್ರಭಾರ ವಹಿಸಿಕೊಳ್ಳತಕ್ಕದ್ದು.' ಅಂಜನಮೂರ್ತಿ ಹಿತ್ತಲಿಗೆ ಬಂದು, ಪೆಟ್ಟಿಗೆಯ ಮುಂದೆ ಅವರನ್ನೇ ನಿಲ್ಲಿಸಿ ಫೋಟೋ ತೆಗೆದರು. ಆ್ಯಪ್ ತಕರಾರಿಲ್ಲದೆ ಒಪ್ಪಿತು.

ಅಂದಿನಿಂದ ಗಂಗಾಂಬಿಕೆಯವರು ಬೆಳಿಗ್ಗೆ ಆರಕ್ಕೆಲ್ಲ ಗಂಡುಹೂ ಕಿತ್ತು ಹೆಣ್ಣುಹೂಗಳಿಗೆ ಒಂದೊಂದಾಗಿ ಸವರತೊಡಗಿದರು. ಐದು ಕಾಯಿ ಕಚ್ಚಿದವು. ಪಕ್ಕದ ಮನೆಯ ಚೆನ್ನಮ್ಮ ಗೋಡೆಯಾಚೆಯಿಂದ ನೋಡುತ್ತಿದ್ದರು.

"ಗಂಗಕ್ಕ, ನಮ್ಮ ಸೌತೆ ಬಳ್ಳಿಗೂ ಒಸಿ ಬಂದೋಗಿ. ದುಂಬಿಗಳು ಇದ್ದಾಗ ಬರ್ತಿದ್ವು."

ಗಂಗಾಂಬಿಕೆಯವರು ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು.

"ಅದು ನನ್ನ ವ್ಯಾಪ್ತಿಗೆ ಬರಲ್ಲ ಚೆನ್ನಮ್ಮ. ಒಂದು ಅರ್ಜಿ ಕೊಡಿ, ನೋಡೋಣ."

ಚೆನ್ನಮ್ಮ ಪೆನ್ನು ಹುಡುಕಲು ಒಳಗೆ ಹೋದರು.