ಮರಳುಗಾಡಿನಲ್ಲಿ ಬದುಕುಳಿದವನು

"ಇವತ್ತು ನಿಮ್ಮ ಮೂವರಲ್ಲಿ ಇಬ್ಬರು ಸಾಯ್ತೀರಿ," ಎಂದು ನಿರ್ದೇಶಕ ಘಾಲಿ ಬೆಳಿಗ್ಗೆಯೇ ಹೇಳಿದಾಗ ಕ್ಷೌರಿಕ ಬಾಸ್ಸು ಉಳಿದಿಬ್ಬರನ್ನು ಓರೆಗಣ್ಣಿನಿಂದ ಅಳೆದ.

ಸಹಾರಾದ ಮರಳಿನಲ್ಲಿ ವಿಮಾನ ಬಿದ್ದು, ಉಳಿದ ಮೂವರು ಹಸಿವಿನಿಂದ ನರಳುವ ಸಿನಿಮಾ ಅದು. ಪಾತ್ರ ಸತ್ತರೆ ಕೂಲಿಯೂ ಸತ್ತಂತೆ. ತನ್ನೂರು ವರ್ಜಾಜಾತಿನಲ್ಲಿ ವಾರವಿಡೀ ಗಡ್ಡ ಕೆರೆದರೂ ಇಲ್ಲಿನ ಒಂದು ದಿನದ ಕೂಲಿ ಹುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ಮೂವರಲ್ಲಿ ಒಬ್ಬನಾದ ಪಕ್ಕದ ಮನೆಯ ಜಾಯಿದ್, ಘಾಲಿಗೆ ಪುದೀನಾ ಚಹಾ ಕೊಡುತ್ತಾ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಇಬ್ಬರೂ ಬಾಸ್ಸುವಿನತ್ತ ತಿರುಗಿ ನೋಡಿದರು.

"ನಿನ್ನ ಹೆಸರೇ ಹೇಳ್ದ ಕಣೋ, ನನ್ನ ಕಿವಿಗೆ ಬಿತ್ತು," ಎಂದಳು ರೊಟ್ಟಿ ಮಾರುವ ತೂದಾ ಚಿಕ್ಕಮ್ಮ. ಅವಳೂ ಮೂವರಲ್ಲಿ ಒಬ್ಬಳು.

ಬಾಸ್ಸು ಬಿಸಿ ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟಿಸಿದ. ಘಾಲಿಯ ಬಳಿಗೆ ಓಡಿದ.

"ಸೀದಿ, ನನ್ನ ದಣೀ, ಜಾಯಿದ್‌ಗೆ ರಾತ್ರಿಯೆಲ್ಲ ಕೆಮ್ಮು. ಮುಖ ನೋಡಿ, ಸಾಯೋದಕ್ಕೇ ಹುಟ್ಟಿದ ಹಾಗಿದೆ."

ಘಾಲಿ ತಲೆಯಾಡಿಸಿದ. ಮೊದಲ ದೃಶ್ಯದಲ್ಲೇ ಜಾಯಿದ್ ಕೆಮ್ಮಿ ಕೆಮ್ಮಿ ಸತ್ತ.

ಇನ್ನು ಉಳಿದವಳು ಚಿಕ್ಕಮ್ಮ. ಅವಳು ಇದ್ದಕ್ಕಿದ್ದಂತೆ ನಗುತ್ತಾ ಆಲಿವ್ ಕಾಯಿ ಕೊಟ್ಟಳು. "ತಗೋ ಮಗಾ."

ಎಂದೂ ಇಲ್ಲದ ಪ್ರೀತಿ ಇವತ್ತೇಕೆ? ಬಾಸ್ಸು ಕಾಯಿಯನ್ನು ಮೂಸಿ ನೋಡಿ, ಮೆಲ್ಲಗೆ ಮರಳಿನಲ್ಲಿ ಹೂತ. ಮುಂದಿನ ದೃಶ್ಯದಲ್ಲಿ ಕೊನೆಯ ಬಾಟಲಿ ನೀರು ಚಿಕ್ಕಮ್ಮನದಾಗಿತ್ತು. ಬಾಸ್ಸು ಬಾಟಲಿ ಕಿತ್ತುಕೊಂಡು ಗಟಗಟ ಕುಡಿದುಬಿಟ್ಟ.

"ಅಯ್ಯೋ ಪಾಪಿ!" ಎಂದು ಚಿಕ್ಕಮ್ಮ ನಿಜವಾಗಿಯೇ ಕಿರುಚಿದಳು.

"ಭೇಷ್! ಅಮ್ಮ, ನೀವು ಸತ್ರಿ," ಎಂದ ಘಾಲಿ.

ಬಾಸ್ಸು ಎದೆಯುಬ್ಬಿಸಿ ನಿಂತ. ಘಾಲಿ ಸತ್ತವರಿಬ್ಬರನ್ನೂ ಕರೆದ. "ಮುಖ ತೊಳ್ಕೊಳ್ಳಿ. ನಾಳೆಯಿಂದ ಹದಿನೈದು ದಿನ ನಿಮ್ಮ ಹಳೇ ನೆನಪುಗಳ ದೃಶ್ಯ. ಮದುವೆ ಮನೆ, ಇಡೀ ಕುರಿ ಸುಟ್ಟಿರ್ತೀವಿ, ಹೊಟ್ಟೆತುಂಬ ತಿನ್ನಬೇಕು."

"ನಾನು, ಸೀದಿ?"

"ನಿನ್ನ ನೆನಪು ಯಾರಿಗೆ ಬೇಕಯ್ಯಾ? ನೋಡೋರ ಕಣ್ಣಲ್ಲಿ ನೀರು ತರಿಸೋದು ಸತ್ತವರ ಕತೆ. ನಾಳೆ ಬೆಳಿಗ್ಗೆ ನಿನ್ನ ರಕ್ಷಣೆ ಆಗುತ್ತೆ, ಅಲ್ಲಿಗೆ ನಿನ್ನ ಕೆಲಸ ಮುಗೀತು."

ಜಾಯಿದ್ ಬಾಸ್ಸುವಿನ ಹೆಗಲ ಮೇಲೆ ಕೈಯಿಟ್ಟ. "ಸತ್ತವರಿಗೇ ಹೆಚ್ಚು ದಿನ ಕೂಲಿ ಅನ್ನೋ ಗುಟ್ಟು ಬಿಟ್ಟುಕೊಡಬೇಡ ಅಂದಿದ್ರು, ಅದಕ್ಕೇ ಹೇಳ್ಲಿಲ್ಲ ಅಣ್ಣಾ. ನಮ್ಮ ಬಾಸ್ಸುನ್ನೂ ನನ್ ಜೊತೆ ಸಾಯಿಸಿ ಸೀದಿ, ಅಂತ ಬೆಳಿಗ್ಗೆ ಎಷ್ಟು ಬೇಡ್ಕೊಂಡೆ ಗೊತ್ತಾ?"

ಬಾಸ್ಸು ದೊಪ್ಪನೆ ಮರಳ ಮೇಲೆ ಬಿದ್ದು ಕಣ್ಣು ಮುಚ್ಚಿದ. "ಸೀದಿ, ನಾನೂ ಸತ್ತೆ!"

"ಏಳಯ್ಯಾ ಮೇಲೆ," ಎಂದ ಘಾಲಿ. "ನಿನ್ನನ್ನ ಉಳಿಸೋದಕ್ಕೆ ಹೆಲಿಕಾಪ್ಟರ್‌ಗೆ ಹೇಳಿಯಾಗಿದೆ."